ಅಕ್ಕನ ಹೆಸರಿನಲ್ಲಿ ಹಡಗು ಹತ್ತಿದವಳು

ಕುರುಗೋಡಿನಲ್ಲಿ ಮೂಕಮ್ಮನ ಮನೆ ಯಾವುದು ಎಂದು ಕೇಳಿದರೆ ಜನ ಯೋಚನೆಗೆ ಬೀಳುತ್ತಾರೆ. ಬರ್ಮಾ ಮೂಕಮ್ಮ ಎಂದರೆ ತಟ್ಟನೆ ಕೈ ತೋರಿಸುತ್ತಾರೆ. ಅರವತ್ತು ವರ್ಷ ಈ ಸೀಮೆಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ, ಮೆಣಸಿನಕಾಯಿ ತೊಟ್ಟು ಬಿಡಿಸಿ, ಗಂಡನನ್ನು ಮಣ್ಣು ಮಾಡಿ, ಮಗಳ ಬಾಣಂತನ ಮಾಡಿದ ಹೆಂಗಸಿಗೆ ಊರು ಇವತ್ತಿಗೂ ಬೇರೆ ದೇಶವನ್ನು ಅಂಟಿಸಿಯೇ ಕರೆಯುತ್ತದೆ. ಇನ್ನೂ ಇಬ್ಬರು ಮೂಕಮ್ಮಂದಿರಿದ್ದಾರೆ, ಗುರುತಿಗೆ ಇರಲಿ ಎಂದು ಹಾಗೆ ಕರೆಯುತ್ತೇವೆ ಎನ್ನುತ್ತಾರೆ. ಆ ಇಬ್ಬರಿಗೆ ಮಾತ್ರ ಯಾವ ದೇಶವನ್ನೂ ಅಂಟಿಸಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ. ರಂಗೂನಿನಲ್ಲಿ ಉಳಿದುಹೋದ ಅಕ್ಕ ಹುಲುಗಮ್ಮನನ್ನು, ಇಬ್ಬರಲ್ಲಿ ಒಬ್ಬರು ಸಾಯುವುದರೊಳಗೆ, ಊರಿಗೆ ಕರೆದುಕೊಂಡು ಬರುವುದು. ಎಪ್ಪತ್ತು ದಾಟಿದ ಮೇಲೆ ಮನುಷ್ಯರು ದೊಡ್ಡ ದೊಡ್ಡದನ್ನು ಬಯಸುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ಇದು ಎಷ್ಟು ದೊಡ್ಡ ಬಯಕೆ ಎಂದು ಅವಳಿಗೆ ಗೊತ್ತಾದದ್ದು ತಡವಾಗಿ.

ಮೂಕಮ್ಮನ ಅಪ್ಪ ಜಡೆಪ್ಪ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯವನು. ಹದಿನೇಳನೇ ವಯಸ್ಸಿಗೆ ತೆಲುಗು ಮೇಸ್ತ್ರಿಯೊಬ್ಬನ ಬೆನ್ನು ಹತ್ತಿ, ಕಾಕಿನಾಡದಲ್ಲಿ ಹಡಗೇರಿ ರಂಗೂನಿಗೆ ಹೋದ. ಆಗ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು, ಬರ್ಮಾ ಕೂಡ ಅದೇ ಬ್ರಿಟಿಷ್ ಸರಕಾರದ ಇನ್ನೊಂದು ಪ್ರಾಂತ. ಟಿಕೆಟಿದ್ದರೆ ಸಾಕಾಗಿತ್ತು, ನೀನು ಯಾವ ದೇಶದವನೋ ಎಂದು ಯಾರೂ ಕೇಳುತ್ತಿರಲಿಲ್ಲ. ಅವನು ಹೋದ ಎರಡು ವರ್ಷಕ್ಕೆ ಬರ್ಮಾವನ್ನು ಬೇರೆ ಮಾಡಿದರು. ಆಮೇಲೆ ಒಂದೊಂದೇ ಬಂದವು. ಒಳಗೆ ಬರಲು ಪರವಾನಗಿ, ಉಳಿಯಲು ಪರವಾನಗಿ, ಊರಿಗೆ ಹೋದವನು ವಾಪಸು ಬರಲು ಮತ್ತೊಂದು ಪರವಾನಗಿ. ಬರ್ಮಾ ಸ್ವತಂತ್ರವಾದ ಮೇಲೆ ವಿದೇಶಿಯರ ದಫ್ತರ ಎಂದು ಮಾಡಿ ಜಡೆಪ್ಪನಂಥವರ ಹೆಸರನ್ನೆಲ್ಲ ಅದರಲ್ಲಿ ಬರೆದರು. ಹಡಗುಕಟ್ಟೆಯಲ್ಲಿ ಅಕ್ಕಿ ಮೂಟೆ ಹೊತ್ತು ಬೆನ್ನು ಬಗ್ಗಿಸಿಕೊಂಡವನು ನಿಂತ ಜಾಗದಲ್ಲೇ ಪರದೇಶದವನಾದ. ಬೀದಿಯಲ್ಲಿ ಅವನನ್ನು ‘ಕಲಾ’ ಎನ್ನುತ್ತಿದ್ದರು. ಕಡಲಾಚೆಯಿಂದ ಬಂದ ಕಪ್ಪು ಮಂದಿಗೆ ಅಲ್ಲಿನ ಜನ ಇಟ್ಟ ಹೆಸರು ಅದು. ಮಕ್ಕಳು ಕೂಡ ಅದನ್ನೇ ಕೂಗಿಕೊಂಡು ಹಿಂದೆ ಓಡುತ್ತಿದ್ದವಂತೆ.

ಅಲ್ಲಿಯೇ, ಸಿರುಗುಪ್ಪ ಕಡೆಯ ಕೂಲಿಯವನೊಬ್ಬನ ಮಗಳು ಸಾವಂತ್ರಮ್ಮನನ್ನು ಅವನು ಮದುವೆಯಾದ. ಮೊದಲು ಹುಟ್ಟಿದ್ದು ಹುಲುಗಮ್ಮ. ಅವಳ ಬೆನ್ನಿಗೆ ಹುಟ್ಟಿದ ಅವಳಿ ಗಂಡುಮಕ್ಕಳು ತೊಟ್ಟಿಲಲ್ಲೇ ಹೋದವು. ಮೂರನೆಯ ಬಸಿರಿನಲ್ಲಿ ಸಾವಂತ್ರಮ್ಮ ಊರ ದೇವಿಗೆ ಹರಕೆ ಹೊತ್ತಳು. ಹುಟ್ಟುವ ಕೂಸಿನ ಜವಳವನ್ನು, ಎಂದರೆ ತಾಯಿ ಹೊಟ್ಟೆಯಿಂದ ಬಂದ ಮೊದಲ ಕೂದಲನ್ನು, ಹಚ್ಚೊಳ್ಳಿಯಲ್ಲಿ ದೇವಿಯ ಮುಂದೆಯೇ ತೆಗೆಸುತ್ತೇನೆ, ಅಲ್ಲಿಯವರೆಗೆ ಅದರ ಹೆಸರನ್ನು ಯಾವ ಪುಸ್ತಕದಲ್ಲೂ ಬರೆಸುವುದಿಲ್ಲ ಎಂದು. ಸತ್ತ ಎರಡರ ಹೆಸರನ್ನೂ ಮುನಿಸಿಪಾಲಿಟಿಯ ಪುಸ್ತಕದಲ್ಲಿ ಬರೆಸಿದ್ದರು, ಅದಕ್ಕೇ ದೃಷ್ಟಿ ತಾಗಿತು ಎಂಬುದು ಅವಳ ಲೆಕ್ಕ. ಕೂಸು ಹೆಣ್ಣಾಯಿತು, ಬದುಕಿತು. ಮೂಕಮ್ಮ ಎಂದು ಮನೆಯೊಳಗೆ ಮಾತ್ರ ಕರೆದರು.

ಹರಕೆ ತೀರಿಸಲು ಊರಿಗೆ ಒಮ್ಮೆ ಬಂದುಹೋಗಬೇಕಿತ್ತು, ಅಷ್ಟೇ. ಆದರೆ ಜಡೆಪ್ಪ ಬಂದರೆ ವಾಪಸು ಹೋಗುವ ಪರವಾನಗಿ ಸಿಗುವ ಖಾತ್ರಿ ಇರಲಿಲ್ಲ. ಕೆಲಸ ಕಳೆದುಕೊಂಡರೆ ನಾಲ್ಕು ಹೊಟ್ಟೆಗೆ ಏನು ಹಾಕುವುದು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಹತ್ತು ವರ್ಷವಾಯಿತು. ಮೂಕಮ್ಮನ ಕೂದಲು ಸೊಂಟ ದಾಟಿತು. ಅವಳು ಬದುಕಿದ್ದಾಳೆ ಎಂಬುದು ಯಾವ ಸರಕಾರಕ್ಕೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅಲ್ಲಿ ಮಿಲಿಟರಿಯವರ ಆಳ್ವಿಕೆ ಬಂತು. ಅಂಗಡಿ, ಮಿಲ್ಲು ಎಲ್ಲ ಸರಕಾರದ್ದಾಯಿತು, ಹಿಂದುಸ್ತಾನದವರು ಗಂಟುಮೂಟೆ ಕಟ್ಟಿ ಎಂದರು. ಸಾವಿರದ ಒಂಬೈನೂರ ಅರವತ್ತೈದರಲ್ಲಿ ಜಡೆಪ್ಪನಿಗೆ ಹಡಗಿನ ಪಾಳಿ ಬಂತು. ಅವನ ಕೈಯಲ್ಲಿದ್ದ ಕಾಗದದಲ್ಲಿ ಮೂರೇ ಹೆಸರು. ಜಡೆಪ್ಪ, ಸಾವಂತ್ರಮ್ಮ, ಮಗಳು ಹುಲುಗಮ್ಮ. ಫೋಟೋ ತೆಗೆಸಿದ್ದು ಹುಲುಗಮ್ಮನಿಗೆ ಹತ್ತಾಗಿದ್ದಾಗ. ನಾಲ್ಕನೆಯ ಹೆಸರು ಸೇರಿಸಬೇಕಾದರೆ ಜನನದ ದಾಖಲೆ ತಂದು ತಿಂಗಳುಗಟ್ಟಲೆ ಕಾಯಿರಿ ಎಂದರು. ಮತ್ತೊಂದು ಹಡಗು ಯಾವಾಗ ಎಂದು ಅವರಿಗೇ ಗೊತ್ತಿರಲಿಲ್ಲ.

ಮೂಕಮ್ಮನಿಗೆ ಆಗ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಅವಳಿಗೂ ಹತ್ತೇ ವರ್ಷ, ಫೋಟೋದಲ್ಲಿದ್ದ ಹುಡುಗಿಯ ಮುಖವೇ. ಹುಲುಗಮ್ಮನಿಗೆ ಹದಿಮೂರು ತುಂಬಿ ಕೈಕಾಲು ಗಟ್ಟಿಯಾಗಿತ್ತು. ಸಾವಂತ್ರಮ್ಮನ ತಂಗಿ, ಹುಡುಗಿಯರಿಗೆ ಸಣ್ಣವ್ವ, ತುಂಬು ಬಸುರಿ. ಹೆರಿಗೆಯಾದ ಮೇಲೆ ಮುಂದಿನ ಹಡಗಿಗೆ ಬರುವವಳಿದ್ದಳು. ದೊಡ್ಡವಳು ಬಾಣಂತಿಗೆ ನೆರವಾಗಿ ಅವಳ ಜೊತೆ ಬರಲಿ, ಚಿಕ್ಕವಳನ್ನು ದೊಡ್ಡವಳ ಹೆಸರಿನಲ್ಲಿ ಕರೆದೊಯ್ಯೋಣ ಎಂದು ಜಡೆಪ್ಪ ತೀರ್ಮಾನಿಸಿದ. ದೇವಿಯ ಹರಕೆಯೂ ತೀರುತ್ತದೆ ಎಂದು ಸಾವಂತ್ರಮ್ಮ ಒಪ್ಪಿದಳು. ಹುಲುಗಮ್ಮ ತಂಗಿಗೆ ಹಡಗುಕಟ್ಟೆಯ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಳಂತೆ. ಯಾರಾದರೂ ಹೆಸರು ಕೇಳಿದರೆ ಹುಲುಗಮ್ಮ ಅನ್ನು, ಕಿರಿಯವಳಂತೆ ಅಳಬೇಡ, ನೀನೀಗ ನಾನು. ಮೂಕಮ್ಮ ಅಳಲಿಲ್ಲ. ಹಡಗಿನಲ್ಲಿ ಮೂರು ದಿನ ಯಾರೂ ಕೇಳದಿದ್ದರೂ ಹುಲುಗಮ್ಮ, ಹುಲುಗಮ್ಮ ಎಂದು ಗೊಣಗಿಕೊಂಡಿದ್ದಳು.

ಹಚ್ಚೊಳ್ಳಿಗೆ ಬಂದ ವಾರದೊಳಗೆ ಜವಳ ತೆಗೆಸಿದರು. ಇನ್ನು ಹೆಸರು ಬರೆಸಲು ಅಡ್ಡಿಯಿರಲಿಲ್ಲ. ಸಾಲೆಗೆ ಕರೆದೊಯ್ದರೆ ಮೇಷ್ಟ್ರು ಎಲ್ಲ ಮಕ್ಕಳಿಗೆ ಮಾಡುತ್ತಿದ್ದಂತೆ ಜೂನ್ ಒಂದು ಎಂದು ಹುಟ್ಟಿದ ತಾರೀಖು ಹಾಕಿ, ಹುಟ್ಟೂರು ಹಚ್ಚೊಳ್ಳಿ ಎಂದು ಬರೆದು, ಮೂಕಮ್ಮ ಎಂಬ ಹುಡುಗಿಯನ್ನು ಒಂದು ನಿಮಿಷದಲ್ಲಿ ಈ ದೇಶದವಳನ್ನಾಗಿ ಮಾಡಿದರು. ಬೇರೆಯವರು ಎಷ್ಟು ವರ್ಷ ಅಲೆದರೂ ಸಿಗದಿದ್ದದ್ದು ಅವಳಿಗೆ ಹಾಗೆ ಸಿಕ್ಕಿತು. ಮದ್ರಾಸಿನಲ್ಲಿ ಇಳಿದ ಹುಲುಗಮ್ಮ ಎಂಬ ಹುಡುಗಿ ಎಲ್ಲಿ ಹೋದಳೆಂದು ಯಾರೂ ವಿಚಾರಿಸಲಿಲ್ಲ.

ಸಣ್ಣವ್ವ ಬರಲಿಲ್ಲ. ಅವಳ ಗಂಡ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಿದ್ದ, ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಸಾಯುವವರೆಗೆ ಕಾದ. ಹುಲುಗಮ್ಮ ಒಬ್ಬಳೇ ಬರಬೇಕೆಂದರೆ ಅಲ್ಲಿನ ದಫ್ತರದಲ್ಲಿ ಅವಳು ಆಗಲೇ ಹೊರಟುಹೋಗಿದ್ದಳು, ಇಲ್ಲಿನ ದಫ್ತರದಲ್ಲಿ ಆಗಲೇ ಬಂದಿಳಿದಿದ್ದಳು. ಜಡೆಪ್ಪ ಸಿರುಗುಪ್ಪದ ಅರ್ಜಿ ಬರೆಯುವವರಿಂದ ಆರು ಸಲ ಅರ್ಜಿ ಬರೆಸಿ ಕಳಿಸಿದ. ಆರಕ್ಕೂ ಒಂದೇ ಉತ್ತರ. ನಿಮ್ಮ ಮಗಳು ಹುಲುಗಮ್ಮ ನಿಮ್ಮ ಜೊತೆಯಲ್ಲೇ ಬಂದಿದ್ದಾಳೆ. ಸುಳ್ಳು ಹೇಳಿ ಮಗಳನ್ನು ಕರೆತಂದೆ ಎಂದು ಬರೆಯಲು ಅವನಿಗೆ ಧೈರ್ಯವಿರಲಿಲ್ಲ. ಜೈಲಿಗೆ ಹಾಕುತ್ತಾರೆ, ಇದ್ದೊಬ್ಬಳನ್ನೂ ವಾಪಸು ಕಳಿಸುತ್ತಾರೆ ಎಂದು ಹೆದರಿದ್ದ. ಸಾವಂತ್ರಮ್ಮ ಕೊನೆಯ ಎಂಟು ವರ್ಷ ಗಂಡನ ಜೊತೆ ಮಾತಾಡದೆ ಸತ್ತಳು.

ಮೂಕಮ್ಮ ಬೆಳೆದಳು, ಕುರುಗೋಡಿನ ರಾಮಾಂಜಿನಿಯನ್ನು ಮದುವೆಯಾದಳು, ರೇಣುಕಾಳನ್ನು ಹೆತ್ತಳು. ಹೊರಗಿನಿಂದ ನೋಡಿದರೆ ಎಲ್ಲರ ಬದುಕಿನ ಹಾಗೆಯೇ ಇತ್ತು. ಒಳಗೆ ಮಾತ್ರ ಒಂದು ಕೊರಗು ಬಿಡಲಿಲ್ಲ. ಹೊಸ ಸೀರೆ ಉಟ್ಟರೆ ಅಕ್ಕನದು ಉಟ್ಟೆ ಎನಿಸುತ್ತಿತ್ತು. ಗಂಡ ಒಳ್ಳೆಯ ಮಾತಾಡಿದರೂ ಇದು ಅಕ್ಕನಿಗೆ ಸಲ್ಲಬೇಕಾದ ಮಾತು ಎನಿಸುತ್ತಿತ್ತು. ರಾಮಾಂಜಿನಿ ಒಮ್ಮೆ ರೇಗಿ, “ಹಂಗಾರ ನನ್ನೂ ಆಕಿಗೇ ಕೊಟ್ಟು ಬಾ ಹೋಗು,” ಎಂದಿದ್ದ. ಅವನು ತಮಾಷೆಗೆ ಹೇಳಿದ್ದು, ಅವಳು ಎರಡು ದಿನ ಊಟ ಬಿಟ್ಟಳು.

ಗಂಡ ಹೋದ ಮೇಲೆ ಅವಳು ಬಳ್ಳಾರಿಯಲ್ಲಿ ಚಂದ್ರಣ್ಣ ಎಂಬ ಕಾಳಿನ ವ್ಯಾಪಾರಿಯ ಗೋದಾಮಿಗೆ ಕಾಳು ಹಸನು ಮಾಡಲು ಹೋಗುತ್ತಿದ್ದಳು. ಅಲ್ಲಿ ಬರುವ ಉದ್ದಿನಲ್ಲಿ ಅರ್ಧ ಬರ್ಮಾದ್ದು. ಹಡಗಿನಲ್ಲಿ ಬಂದು, ಮೊಹರು ಹಾಕಿಸಿಕೊಂಡು, ಲಾರಿ ಹತ್ತಿ, ಒಂದು ತಿಂಗಳೊಳಗೆ ಬಳ್ಳಾರಿಯ ಒಲೆಯ ಮೇಲೆ ಬೇಯುತ್ತದೆ. ಉದ್ದಿನ ಚೀಲಕ್ಕೆ ಇರುವ ದಾರಿ ಹುಲುಗಮ್ಮನಿಗೆ ಇರಲಿಲ್ಲ. ಚಂದ್ರಣ್ಣ ವ್ಯಾಪಾರಕ್ಕೆ ಆ ಕಡೆ ಹೊರಟಾಗ ಮೂಕಮ್ಮ ಅವನ ಮುಂದೆ ನಿಂತು, “ಯಣ್ಣಾ, ಅಲ್ಲಿ ತೆಲುಗರ ಗುಡಿ ಒಂದೈತಿ, ಅಲ್ಲಿ ಹುಲುಗಮ್ಮ ಅಂತ ಕೇಳಿ ನೋಡು,” ಎಂದಳು. ಅವನು ಕೇಳಿದ. ಅರವತ್ತೇಳು ವರ್ಷದ ಹುಲುಗಮ್ಮ ಆ ಗುಡಿಯ ಅಂಗಳ ಗುಡಿಸುತ್ತಿದ್ದಳು.

ಮೊದಲ ಸಲ ಚಂದ್ರಣ್ಣನೇ ಅಲ್ಲಿಂದ ಫೋನು ಹಚ್ಚಿ ಒಬ್ಬರ ಮುಖ ಒಬ್ಬರಿಗೆ ತೋರಿಸಿದ. ಹುಲುಗಮ್ಮನಿಗೆ ಅಲ್ಲಿ ಕನ್ನಡ ಆಡುವವರು ಯಾರೂ ಇರಲಿಲ್ಲ. ತೆಲುಗು, ಬರ್ಮಾ ಭಾಷೆ ಎರಡರಲ್ಲೂ ಮುದುಕಿಯ ಹಾಗೆ ಮಾತಾಡುವ ಅವಳು ಕನ್ನಡದಲ್ಲಿ ಹದಿಮೂರು ವರ್ಷದ ಹುಡುಗಿಯೇ.

“ಲೇ ಮೂಕಿ, ಜ್ವರ ಬಿಡ್ತೇನ?” ಎಂದು ಕೇಳಿದಳು.

ಮೂಕಮ್ಮ ಅವತ್ತು ಅತ್ತಷ್ಟು ಗಂಡ ಸತ್ತಾಗಲೂ ಅತ್ತಿರಲಿಲ್ಲ. ಬಿಟ್ಟಿತು ಅಕ್ಕ, ಬಿಟ್ಟು ಬಾಳ ದಿನ ಆತು ಎಂದಳು.

ಆಮೇಲೆ ವಾರಕ್ಕೊಮ್ಮೆ ಮಾತು. ಹುಲುಗಮ್ಮನ ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ ಮಲೇಶಿಯಾಕ್ಕೆ ಕಳ್ಳದಾರಿಯಲ್ಲಿ ಹೋದವನ ಸುದ್ದಿಯಿಲ್ಲ. ಅಲ್ಲಿನ ಕಾನೂನು ಮತ್ತೂ ಬಿಗಿಯಾಗಿ, ಅದೇ ಮಣ್ಣಲ್ಲಿ ಹುಟ್ಟಿದವಳು ಆಮೇಲೆ ಹೊಸದಾಗಿ ಮಾಡಿಸಿಕೊಂಡ ವಿದೇಶಿಯರ ಕಾರ್ಡು ಹಿಡಿದು ವರ್ಷವರ್ಷವೂ ಪೊಲೀಸರ ಮುಂದೆ ನಿಲ್ಲುತ್ತಿದ್ದಳು. ಆ ಕಾರ್ಡಿಗೆ ಪಾಸ್‌ಪೋರ್ಟು ಕೊಡುವುದಿಲ್ಲ. ಮತ್ತೆ ಮಿಲಿಟರಿ ಬಂದು ಬೀದಿಯಲ್ಲಿ ಗುಂಡು ಹಾರತೊಡಗಿದ ಮೇಲೆ ಅವಳು ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದಳು.

“ಮೂಕಿ, ಮುಂದಿನ ಹಡಗಿಗೆ ನಾ ಬರತೀನಿ ಅಂತ ಅಪ್ಪಗ ಹೇಳಿದ್ನಲ್ಲ. ಈಗ ಬರಲೇನ?”

ಬಳ್ಳಾರಿ ಗಾಂಧಿನಗರದ ವಕೀಲ ಸಿದ್ದಲಿಂಗೇಶ್ ಒಳ್ಳೆಯ ಮನುಷ್ಯ. ರೇಣುಕಾ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದಳು, ಅಲ್ಲಿಯ ವಾರ್ಡನ್ ಅವನ ಹೆಸರು ಹೇಳಿದ್ದರು. ಅವನು ಫೀಸಿನ ಮಾತೆತ್ತದೆ ಪೂರ್ತಿ ಕಥೆ ಕೇಳಿದ. ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ನೋಡ್ರಿ ಅಮ್ಮಾ, ನಿಮ್ಮ ಅಕ್ಕ ಬರಬೇಕಂದ್ರ, ಅವತ್ತು ಬಂದಾಕಿ ಆಕಿ ಅಲ್ಲ ಅಂತ ಮೊದಲು ತೋರಿಸಬೇಕು. ಅದನ್ನ ಹೇಳೋರು ನೀವೊಬ್ರೇ. ಹೇಳಿದ್ರ ನೀವು ಯಾರು ಅಂತ ಕೇಳ್ತಾರ.”

“ನಾನು ಆಕಿ ತಂಗಿ.”

“ಅದಲ್ರೀ. ಈಗ ನಿಮ್ಮ ಸಾಲಿ ದಾಖಲೆದಾಗ ಹಚ್ಚೊಳ್ಳಿ ಅಂತೈತಿ. ಅದರ ಮ್ಯಾಲೆ ಆಧಾರ್, ಓಟು, ಪಿಂಚಣಿ ಎಲ್ಲಾ ನಿಂತಾವು. ಯಾರೂ ನಿಮ್ಮನ್ನ ಮುಟ್ಟಂಗಿಲ್ಲ. ರಂಗೂನದಾಗ ಹುಟ್ಟಿ, ಬ್ಯಾರೇರ ಹೆಸರಿಲೆ ಬಂದೆ ಅಂತ ಸಹಿ ಹಾಕಿದ್ರ, ನಿಮ್ಮ ಕೈಯಿಂದನ ಅದನ್ನ ಕೆಡವಿಕೊಂಡಂಗ.”

ರೇಣುಕಾ ತಾಯಿಯ ಮೊಣಕೈ ಹಿಡಿದು ಎಬ್ಬಿಸಲು ನೋಡಿದಳು. “ನಡಿ ಯವ್ವ. ನಿನಗ ನಿಮ್ಮಕ್ಕನ ಚಿಂತಿ, ನನಗ ನಿಂದು ಚಿಂತಿ. ಆಕಿನ್ನ ನಾ ಒಂದಿನಾನೂ ನೋಡಿಲ್ಲ.”

“ಈಕಿಗೇನಾರ ಆಕ್ಕೈತೇನ?” ಎಂದು ಮೂಕಮ್ಮ ಮಗಳನ್ನಲ್ಲ, ವಕೀಲನನ್ನು ನೋಡಿಕೊಂಡು ಕೇಳಿದಳು.

ಎಂಬತ್ತೇಳನೇ ಇಸವಿಗೆ ಮುಂಚೆ ಈ ನೆಲದಲ್ಲಿ ಹುಟ್ಟಿದವರಿಗೆ ಪೌರತ್ವಕ್ಕೆ ಹುಟ್ಟಿದ್ದೇ ಸಾಕು, ರೇಣುಕಾ ಎಂಬತ್ತಮೂರರವಳು, ಅವಳಿಗೇನೂ ಆಗುವುದಿಲ್ಲ ಎಂದ ವಕೀಲ. ನಂತರ ಹುಟ್ಟಿದವರಿಗೆ ತಂದೆತಾಯಿಯನ್ನೂ ಕೇಳುತ್ತಾರೆ ಎಂದು ಸೇರಿಸಿದ. ಹಾಗಾದರೆ ಬರೀರಿ ಎಂದಳು ಮೂಕಮ್ಮ. ಅಪ್ಪ ಹೆದರಿ ಬಿಟ್ಟದ್ದನ್ನು ತಾನು ಮಾಡುತ್ತಿದ್ದೇನೆ ಎಂಬ ಹೆಮ್ಮೆ ಅವತ್ತು ಅವಳಿಗಿತ್ತು. ನಿಜ ಹೇಳಿದರೆ ಸರಕಾರದವರು ಕೇಳುತ್ತಾರೆ ಎಂದು ನಂಬಿದ್ದಳು. ಪಾಪ, ಅರವತ್ತು ವರ್ಷ ಸುಳ್ಳಿನ ನೆರಳಲ್ಲಿ ಬದುಕಿದವಳಿಗೆ ನಿಜದ ಮೇಲೆ ಅಷ್ಟೊಂದು ಭರವಸೆ.

ಮೂಕಮ್ಮ ಸಹಿ ಹಾಕಿದ ಪ್ರಮಾಣಪತ್ರವೂ ಹುಲುಗಮ್ಮನ ಅರ್ಜಿಯೂ ಹೋದವು. ಮೂಕಮ್ಮ ಮನೆಯ ಒಳಕೋಣೆಗೆ ಸುಣ್ಣ ಹೊಡೆಸಿದಳು, ಅಕ್ಕನಿಗೆಂದು ಮಂಚ ತರಿಸಿದಳು. ಎಂಟು ತಿಂಗಳ ಮೇಲೆ ಎರಡು ಕಾಗದ ಒಂದೇ ವಾರದಲ್ಲಿ ಬಂದವು. ವಕೀಲ ಎರಡನ್ನೂ ಓದಿ, ಮತ್ತೊಮ್ಮೆ ಓದಿ, ಬಿಡಿಸಿ ಹೇಳಿದ.

ಮೊದಲನೆಯದು ಹುಲುಗಮ್ಮನ ಅರ್ಜಿಗೆ ಉತ್ತರ. ತಂಗಿ ಎಂದು ಹೇಳಿಕೊಳ್ಳುವ ಮೂಕಮ್ಮ ಹಚ್ಚೊಳ್ಳಿಯಲ್ಲಿ ಹುಟ್ಟಿದವಳೆಂದು ಅವಳ ಎಲ್ಲ ದಾಖಲೆಗಳೂ ಹೇಳುತ್ತವೆ, ಆದ್ದರಿಂದ ರಂಗೂನಿನ ಕಥೆಯನ್ನು ನಂಬಲಾಗದು, ಅರ್ಜಿ ತಿರಸ್ಕೃತ. ಎರಡನೆಯದು ಬೇರೆ ಮೇಜಿನಿಂದ, ಮೂಕಮ್ಮನಿಗೇ. ತಾವು ವಿದೇಶದಲ್ಲಿ ಹುಟ್ಟಿ ಬೇರೊಬ್ಬರ ಹೆಸರಿನಲ್ಲಿ ದೇಶದೊಳಗೆ ಬಂದಿರುವುದಾಗಿ ತಾವೇ ಒಪ್ಪಿಕೊಂಡಿರುವುದರಿಂದ, ತಮ್ಮನ್ನು ವಿದೇಶಿ ಎಂದು ಏಕೆ ಪರಿಗಣಿಸಬಾರದು.

“ಅಂದ್ರ ನಾ ಹೇಳಿದ್ದು ಸುಳ್ಳೋ ಖರೇನೋ?” ಎಂದಳು ಮೂಕಮ್ಮ.

“ಅಕ್ಕನ್ನ ತರಾಕ ಸುಳ್ಳು,” ಎಂದ ಸಿದ್ದಲಿಂಗೇಶ್. “ನಿಮ್ಮನ್ನ ಹಿಡಿಯಾಕ ಖರೇ.”

ಅವನು ಮೇಲ್ಮನವಿ ಹಾಕಿದ್ದಾನೆ. ಅದು ಯಾವ ಕಾಲಕ್ಕೆ ಮುಗಿಯುತ್ತದೋ ಅವನಿಗೂ ಗೊತ್ತಿಲ್ಲ. ಅಲ್ಲಿಯವರೆಗೆ ಪಿಂಚಣಿ ನಿಂತಿತು, ಓಟಿನ ಪಟ್ಟಿಯಿಂದ ಹೆಸರು ಹೋಯಿತು. ರೇಷನ್ ಕಾರ್ಡಿನಲ್ಲಿ ರೇಣುಕಾಳ ಹೆಸರೊಂದೇ ಉಳಿಯಿತು. ತಿಂಗಳಿಗೊಮ್ಮೆ ಬಳ್ಳಾರಿಗೆ ಹೋಗಿ ಪೊಲೀಸರ ಪುಸ್ತಕದಲ್ಲಿ ಸಹಿ ಹಾಕಬೇಕು, ಜಿಲ್ಲೆ ಬಿಟ್ಟು ಹೋಗುವುದಾದರೆ ಹೇಳಿ ಹೋಗಬೇಕು. ಬಾಯಿಗೆ ಬಂದದ್ದನ್ನೆಲ್ಲ ಅಂದು ಮುಗಿಸಿದ ಮೇಲೆ ರೇಣುಕಾ ತಾಯಿಯ ಜೊತೆ ಮಾತು ಕಡಿಮೆ ಮಾಡಿದಳು. ಊರವರು ಬರ್ಮಾ ಮೂಕಮ್ಮ ಎಂದು ಮೊದಲಿನಂತೆಯೇ ಕರೆದರು. ಆದರೆ ಈಗ ಕರೆದವರು ತಡವರಿಸುತ್ತಿದ್ದರು, ಅವಳಿಗೂ ಕಿವಿಗೆ ಬೇರೆಯಾಗಿ ಕೇಳುತ್ತಿತ್ತು. ಹಿಂದೆ ನಗುನಗುತ್ತ ಓಗೊಡುತ್ತಿದ್ದವಳು ಈಗ ತಲೆ ತಗ್ಗಿಸಿ ಹೋಗುತ್ತಾಳೆ.

ಮೊದಲ ಸಹಿಯ ದಿನ ಕುರುಗೋಡಿನಿಂದ ಬಸ್ಸಿನಲ್ಲಿ ಹೋಗಿ, ಹನ್ನೊಂದರಿಂದ ಮೂರೂವರೆಯವರೆಗೆ ನಿಂತು, ಸಹಿ ಹಾಕಿ ಬಂದಳು. ಸಂಜೆ ಹುಲುಗಮ್ಮನ ಫೋನು ಬಂತು. ಮೂರು ವಾರದಿಂದ ಮೂಕಮ್ಮ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದಳು. ಇವತ್ತು ಕಾಲು ನೋಯುತ್ತಿತ್ತು, ಸುಳ್ಳು ಕಟ್ಟುವ ಶಕ್ತಿ ಇರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ನೀನು ಬರುವ ಹಾಗಿಲ್ಲ ಅಕ್ಕ ಎಂಬುದನ್ನು ಕೊನೆಯಲ್ಲಿ ಹೇಳಿದಳು.

ಹುಲುಗಮ್ಮ ಅಳುತ್ತಾಳೆ ಎಂದುಕೊಂಡಿದ್ದಳು. ಹುಲುಗಮ್ಮ ಅಳಲಿಲ್ಲ. ಅವಳ ಮುಖ ಫೋನಿನಲ್ಲಿ ಹತ್ತಿರ ಬಂತು.

“ಅಲ್ಲಿ ನಿಂದ್ರಾಕ ನೆಳ್ಳ ಐತೇನ?”

“ಇಲ್ಲಕ್ಕ.”

“ಹಂಗಾರ ಮುಂದಿನ ಸಲ ನೀರು ಒಯ್ಯಿ. ಮುಂಜೇಲೆ ದೌಡ ಹೋಗು, ಅವರು ಬರೂದ್ರಾಗ ಬಾಗಲದಾಗ ಇರು. ಕೇಳಿದ್ದಕ್ಕಷ್ಟ ಹೇಳು, ಜಾಸ್ತಿ ಹೇಳಬ್ಯಾಡ. ಹೊಸಾ ಸಾಹೇಬ ಬಂದಾಗ ಹಳೇ ಸಹಿ ತೋರಸು. ಒಂದ್ ಸಲಾನೂ ತಪ್ಪಸಬ್ಯಾಡ, ತಪ್ಪಿದ್ರ ಬಾಳ ಕಷ್ಟ ಆಕ್ಕೈತಿ. ಅಳಬ್ಯಾಡ ಮೂಕಿ, ರೂಢಿ ಆಕ್ಕೈತಿ.”

ಅರವತ್ತು ವರ್ಷ ಪರದೇಶದವಳಾಗಿ ಕಲಿತದ್ದನ್ನೆಲ್ಲ ಅವಳು ಆ ಹುಡುಗಿಯ ಕನ್ನಡದಲ್ಲಿ ಹೇಳಿಕೊಟ್ಟಳು. ಮೂಕಮ್ಮ ಹ್ಞೂಂ ಎನ್ನುತ್ತ ಹೋದಳು. ಆಮೇಲೆ ಹುಲುಗಮ್ಮ ಕೇಳಿದಳು.

“ಅವರ ಪುಸ್ತಕದಾಗ ನಿನ್ನ ಯಾ ದೇಶದಾಕಿ ಅಂತ ಬರಕಂಡಾರ?”

“ಬರ್ಮಾ ಅಂತ, ಅಕ್ಕ.”

ಹುಲುಗಮ್ಮ ಒಳಗೆ ಹೋಗಿ ತನ್ನ ಕಾರ್ಡು ತಂದು ಫೋನಿಗೆ ಹಿಡಿದಳು. ಮೂಕಮ್ಮನಿಗೆ ಆ ಅಕ್ಷರ ಓದಲು ಬರಲಿಲ್ಲ.

“ನಂದ್ರಾಗ ಇಂಡಿಯಾ ಅಂತೈತಿ,” ಎಂದಳು ಅಕ್ಕ.